ಅಡಾಪ್ಟರ್ ಹಾಕಿದ್ರೆ ಪಿನ್ ಕೂರುತ್ತೆ, ವೈರ್ ತಾಳುತ್ತಾ?

ಹಬ್ಬಕ್ಕೆ ಅಂತ ಬೆಂಗಳೂರಿನಿಂದ ಸಂಡೂರಿಗೆ ಬಂದ ಮಗ ಎಲೆಕ್ಟ್ರಿಕ್ ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ನೀರು ಕುಡಿಯೋಕೂ ಮೊದಲು ಕೇಳೋ ಪ್ರಶ್ನೆ ಒಂದೇ: "ಅಪ್ಪಾ, ದೊಡ್ಡ ಪ್ಲಗ್ ಪಾಯಿಂಟ್ ಎಲ್ಲೈತಿ?"

"ಬಚ್ಚಲಮನ್ಯಾಗ ಗೀಸರ್‌ದು ಒಂದೈತಿ, ಹಿಂದ ವಾಷಿಂಗ್ ಮಷಿನ್‌ದು ಒಂದೈತಿ."

ಎರಡೂ ಕಾರಿಗೆ ಎಟುಕಲ್ಲ. ಎಟುಕೋದು ವರಾಂಡದಲ್ಲಿ ಮೊಬೈಲ್ ಚಾರ್ಜ್‌ಗೆ ಇಟ್ಟಿರೋ ಸಣ್ಣ ಪ್ಲಗ್. ಯಾರೋ ಒಬ್ಬರು ಬಜಾರಿಗೆ ಹೋಗಿ ಕನ್ವರ್ಷನ್ ಪ್ಲಗ್ ತರುತ್ತಾರೆ. ಒಂದು ಕಡೆ ದಪ್ಪ ಪಿನ್ ತೂರುತ್ತೆ, ಇನ್ನೊಂದು ಕಡೆ ಸಣ್ಣ ಪಿನ್ ಗೋಡೆಗೆ ಕೂರುತ್ತೆ. ಕಾರಿನಲ್ಲಿ ಚಾರ್ಜಿಂಗ್ ಲೈಟ್ ಹತ್ತುತ್ತೆ, ಎಲ್ಲರೂ ಊಟಕ್ಕೆ ಕೂರುತ್ತಾರೆ. ಲೈಟ್ ಹತ್ತಿದ್ದು ಕರೆಂಟ್ ಬರ್ತಿದೆ ಅನ್ನೋದಕ್ಕೆ ಸಾಕ್ಷಿ ಅಷ್ಟೇ. ಆ ಕರೆಂಟನ್ನು ಗೋಡೆಯೊಳಗಿನ ವೈರ್ ರಾತ್ರಿಯಿಡೀ ತಾಳುತ್ತೆ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಈಗ ಒಂದೇ ಮನೆಯಲ್ಲಿ ಅಣ್ಣನದು ಕಾರು, ತಂಗಿಯದು ಸ್ಕೂಟರ್, ಎರಡೂ ಬೇರೆ ಬೇರೆ ಕಂಪನಿ. ತೋರಣಗಲ್ಲಿಗೆ ಶಿಫ್ಟ್‌ಗೆ ಹೋಗೋರು, ಹೊಸಪೇಟೆಗೆ ಬ್ಯಾಂಕ್ ಕೆಲಸಕ್ಕೆ ಹೋಗೋರು ರಾತ್ರಿ ಮನೆಯಲ್ಲೇ ಚಾರ್ಜ್ ಹಾಕಬೇಕು. ಚಾರ್ಜರ್ ಒಂದೊಂದು ಥರ, ಪ್ಲಗ್ ಒಂದೊಂದು ಥರ. ಹಾಗಾಗಿ ಅಡಾಪ್ಟರ್ ಬಗ್ಗೆ ಒಂದು ವಿಷಯ ಗಟ್ಟಿಯಾಗಿ ತಿಳಿದಿರಬೇಕು: ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸುತ್ತೆ, ಸಾಕೆಟ್ಟಿನ ತಾಕತ್ತನ್ನು ಬದಲಾಯಿಸಲ್ಲ.

ದಪ್ಪ ಪಿನ್ ದಪ್ಪ ಯಾಕೆ?

ನಮ್ಮ ಮನೆಗಳಲ್ಲಿ ಎರಡು ಥರದ ಮೂರು ಪಿನ್ ಸಾಕೆಟ್ ಇರುತ್ತೆ. ಹಳೇ ಎಲೆಕ್ಟ್ರಿಷಿಯನ್‌ಗಳು ಐದು ಆಂಪ್, ಹದಿನೈದು ಆಂಪ್ ಅಂತಾರೆ. ಈಗ ಸಾಕೆಟ್ ಮೇಲೆ 6 ಆಂಪಿಯರ್, 16 ಆಂಪಿಯರ್ ಅಂತ ಅಚ್ಚಾಗಿರುತ್ತೆ. ಸಣ್ಣ ಪ್ಲಗ್ಗಿನ ಪಿನ್ ಸುಮಾರು 5 ಮಿ.ಮೀ. ದಪ್ಪ, ದೊಡ್ಡದರದ್ದು ಸುಮಾರು 7 ಮಿ.ಮೀ. 230 ವೋಲ್ಟ್‌ನಲ್ಲಿ ಸಣ್ಣ ಸಾಕೆಟ್ ಹೆಚ್ಚೆಂದರೆ 1,380 ವಾಟ್ ಕೊಡಬಲ್ಲದು, ದೊಡ್ಡದು 3,680 ವಾಟ್.

ದೊಡ್ಡ ಪ್ಲಗ್ ಸಣ್ಣ ಸಾಕೆಟ್ಟಿಗೆ ಹೋಗಬಾರದು ಅಂತಲೇ ಪಿನ್ ದಪ್ಪ ಮಾಡಿರೋದು. ಅದೊಂದು ಕೀಲಿ ಇದ್ದ ಹಾಗೆ. ಬಜಾರಿನ ಕನ್ವರ್ಷನ್ ಪ್ಲಗ್ ಆ ಕೀಲಿಗೆ ಮಾಡಿದ ಕಳ್ಳ ಕೀಲಿಕೈ. ಇಸ್ತ್ರಿ ಪೆಟ್ಟಿಗೆಗೋ ಮಿಕ್ಸಿಗೋ ಹತ್ತು ನಿಮಿಷ ಬಳಸಿದಾಗ ಏನೂ ಆಗಿರಲ್ಲ, ಅದರಿಂದಲೇ ಧೈರ್ಯ ಬಂದಿರುತ್ತೆ. ಕಾರಿನ ಲೆಕ್ಕವೇ ಬೇರೆ.

ಸ್ಕೂಟರ್ ಚಾರ್ಜರ್‌ಗಳು ಸಾಮಾನ್ಯವಾಗಿ 650ರಿಂದ 950 ವಾಟ್ ಒಳಗಿರುತ್ತವೆ. 750 ವಾಟ್ ಅಂದರೆ ಮೂರೂಕಾಲು ಆಂಪಿಯರ್ ಚಿಲ್ಲರೆ, ಒಳ್ಳೇ ಸ್ಥಿತಿಯಲ್ಲಿರೋ ಸಣ್ಣ ಸಾಕೆಟ್ ಸಾಕು. ಕಾರಿನ ಜೊತೆ ಬರೋ ಪೋರ್ಟಬಲ್ ಚಾರ್ಜರ್ ಹೆಚ್ಚಾಗಿ 3.3 ಕಿಲೋವಾಟ್. ಅದು ಎಳೆಯೋದು 14 ಆಂಪಿಯರ್‌ಗಿಂತ ಜಾಸ್ತಿ, ಅದೂ ಗಂಟೆಗಟ್ಟಲೆ. 24 ಯೂನಿಟ್ ಹಿಡಿಯೋ ಬ್ಯಾಟರಿ ಖಾಲಿಯಿಂದ ತುಂಬಲು ಎಂಟು ಗಂಟೆಯಾದರೂ ಬೇಕು. ಗೀಸರ್ ಇಪ್ಪತ್ತು ನಿಮಿಷಕ್ಕೆ ಆಫ್ ಆಗುತ್ತೆ, ಮೋಟರ್ ಅರ್ಧ ಗಂಟೆ ಓಡುತ್ತೆ. ಮನೆಯಲ್ಲಿ ಇಷ್ಟು ದೊಡ್ಡ ಲೋಡನ್ನು ಇಷ್ಟು ಹೊತ್ತು ಒಂದೇ ಸಮ ಎಳೆಯೋ ವಸ್ತು ಕಾರು ಬರೋವರೆಗೆ ಇರಲೇ ಇಲ್ಲ.

ಬಿಸಿ ಹುಟ್ಟೋದು ಸಡಿಲ ಜಾಗದಲ್ಲಿ

ಪಿನ್ನು ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿಯನ್ನು ಬಿಗಿಯಾಗಿ ಹಿಡಿದಿರಬೇಕು. ಹಳೇ ಸಾಕೆಟ್ಟಿನಲ್ಲಿ ಆ ಹಿಡಿತ ಸಡಿಲ ಆಗಿರುತ್ತೆ. ಮಧ್ಯೆ ಅಡಾಪ್ಟರ್ ಸೇರಿಸಿದರೆ ಸಡಿಲ ಆಗಬಹುದಾದ ಇನ್ನೊಂದು ಜಾಗ ಸೇರಿಸಿದ ಹಾಗೆ. ಪೋರ್ಟಬಲ್ ಚಾರ್ಜರ್‌ನ ಭಾರದ ಡಬ್ಬಿ ನೇತಾಡುತ್ತಿದ್ದರಂತೂ ಪ್ಲಗ್ ಕೆಳಗೆ ಜಗ್ಗಿ ಜಗ್ಗಿ ಇನ್ನೂ ಸಡಿಲವಾಗುತ್ತೆ.

ಸಣ್ಣ ಲೆಕ್ಕ ಹಾಕೋಣ. ಸಡಿಲ ಜಾಗದ ಪ್ರತಿರೋಧ 0.1 ಓಮ್ ಅಂದುಕೊಳ್ಳಿ. ಬಿಸಿ ಅನ್ನೋದು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ಸ್ಕೂಟರಿನ 3.3 ಆಂಪಿಯರ್ ಹರಿದಾಗ ಅಲ್ಲಿ ಹುಟ್ಟೋದು ಸುಮಾರು 1 ವಾಟ್ ಬಿಸಿ, ಗೊತ್ತೂ ಆಗಲ್ಲ. ಕಾರಿನ 14 ಆಂಪಿಯರ್ ಹರಿದರೆ ಸುಮಾರು 20 ವಾಟ್. ರೇಡಿಯೋ ರಿಪೇರಿ ಅಂಗಡಿಯ ಸಣ್ಣ ಸೋಲ್ಡರಿಂಗ್ ಐರನ್ 25 ವಾಟ್. ಸೀಸ ಕರಗಿಸೋ ಆ ಕಡ್ಡಿಯನ್ನು ಪ್ಲಾಸ್ಟಿಕ್ ಪ್ಲಗ್ಗಿನೊಳಗೆ ತುರುಕಿ ಎಂಟು ಗಂಟೆ ಬಿಟ್ಟ ಹಾಗೆ.

"ಎಂಸಿಬಿ ಐತಲ್ಲ, ಟ್ರಿಪ್ ಆಗುತ್ತೆ ಬಿಡ್ರಿ" ಅಂತ ಹೇಳೋರಿದ್ದಾರೆ. ಎಂಸಿಬಿ ನೋಡೋದು ಕರೆಂಟ್ ಎಷ್ಟು ಹರಿಯುತ್ತಿದೆ ಅನ್ನೋದನ್ನು, ಪ್ಲಗ್ ಎಷ್ಟು ಬಿಸಿಯಾಗಿದೆ ಅನ್ನೋದನ್ನಲ್ಲ. 16 ಆಂಪಿಯರ್ ಎಂಸಿಬಿಗೆ 14 ಆಂಪಿಯರ್ ಅಂದರೆ ಎಲ್ಲವೂ ಸರಿಯಾಗಿದೆ ಅಂತ ಅರ್ಥ. ಪ್ಲಗ್ ಕರಗುತ್ತಿದ್ದರೂ ಅದು ಸುಮ್ಮನೇ ಇರುತ್ತೆ. ಇನ್ನು ಹಳೇ ಮನೆಗಳ ಪಿಂಗಾಣಿ ಫ್ಯೂಸಿಗೆ ಕೈಗೆ ಸಿಕ್ಕ ದಪ್ಪ ತಂತಿ ಕಟ್ಟಿದ್ದರೆ ಆ ಕಾವಲೂ ಇಲ್ಲ.

ಯಾವ ಅಡಾಪ್ಟರ್ ಸರಿ, ಯಾವುದು ಬೇಡ?

ಅಡಾಪ್ಟರ್ ಅನ್ನೋ ಒಂದೇ ಹೆಸರಲ್ಲಿ ಐದಾರು ಬೇರೆ ಬೇರೆ ವಸ್ತು ಮಾರಾಟವಾಗುತ್ತವೆ. ಒಂದೊಂದಾಗಿ ನೋಡೋಣ.

ದೊಡ್ಡ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಹಾಕೋ ಕನ್ವರ್ಷನ್ ಪ್ಲಗ್: ಕಾರಿಗೆ ಬೇಡವೇ ಬೇಡ. ಕಾರು ಕಂಪನಿಯೇ ಕೊಟ್ಟ, ಸಣ್ಣ ಪ್ಲಗ್ ಹಾಕಿದಾಗ ಕರೆಂಟನ್ನೂ ಇಳಿಸೋ ಕೇಬಲ್ ಇದ್ದರೆ ಮಾತು ಬೇರೆ.

ಸಣ್ಣ ಪ್ಲಗ್ಗನ್ನು ದೊಡ್ಡ ಸಾಕೆಟ್ಟಿಗೆ ಹಾಕೋದು: ಸ್ಕೂಟರಿಗೆ ತೊಂದರೆ ಇಲ್ಲ. ಇದಕ್ಕೆ ಅಡಾಪ್ಟರೂ ಬೇಡ. ಎರಡೂ ಪಿನ್ ಹಿಡಿಯೋ 6/16 ಆಂಪಿಯರ್ ಸಾಕೆಟ್ ಸಿಗುತ್ತೆ. ಪ್ಲಗ್ ಅಲ್ಲಾಡದಂತೆ ಕೂರುತ್ತಾ ಅಂತ ನೋಡಿಕೊಂಡರೆ ಸಾಕು.

ಎಕ್ಸ್‌ಟೆನ್ಷನ್ ಬಾಕ್ಸ್, ಸ್ಪೈಕ್ ಬಸ್ಟರ್: ಕಂಪ್ಯೂಟರ್, ಟಿವಿಗೆ ಮಾಡಿದ್ದು. ಸಾಕೆಟ್ ದೊಡ್ಡದಿದ್ದ ಮಾತ್ರಕ್ಕೆ ಒಳಗಿನ ವೈರ್ ದಪ್ಪ ಇರುತ್ತೆ ಅಂತಿಲ್ಲ. ಸುತ್ತಿಟ್ಟ ವೈರ್ ಇನ್ನೂ ಬೇಗ ಕಾಯುತ್ತೆ, ಬಿಸಿ ಹೊರಗೆ ಹೋಗಲು ದಾರಿ ಇರಲ್ಲ. ಕಿಟಕಿ ಸಂದಿಯಲ್ಲಿ ತೂರಿಸಿ, ಕದ ಮುಚ್ಚಿ ಅದುಮಿದ ವೈರ್ ಅಂತೂ ಕಾರಿಗೂ ಬೇಡ, ಸ್ಕೂಟರಿಗೂ ಬೇಡ.

ಎರಡು ಪಿನ್ ಅಡಾಪ್ಟರ್: ಇದು ಅರ್ಥ್ ಪಿನ್ನನ್ನೇ ಕತ್ತರಿಸುತ್ತೆ. ವಾಹನದ ಮೈಗೆ ಕರೆಂಟ್ ಸೋರಿದರೆ ಅದು ಭೂಮಿಗೆ ಹೋಗೋ ದಾರಿಯೇ ಇರಲ್ಲ. ಬರಿಗಾಲಲ್ಲಿ ಬಂದು ಮುಟ್ಟಿದವರ ಮೈಯೇ ದಾರಿಯಾಗುತ್ತೆ.

ಟೈಪ್ 2 ಗನ್ನಿನಿಂದ ಸ್ಕೂಟರ್‌ಗೆ ಅಡಾಪ್ಟರ್: ಮನೆಯಲ್ಲಿ ಕಾರಿಗೆ ಗೋಡೆ ಚಾರ್ಜರ್ ಹಾಕಿಸಿದವರು ಅದರಲ್ಲೇ ಸ್ಕೂಟರನ್ನೂ ಚಾರ್ಜ್ ಮಾಡಲು ಆನ್‌ಲೈನ್‌ನಲ್ಲಿ ಇದನ್ನು ತರಿಸುತ್ತಾರೆ. ಟೈಪ್ 2 ಗನ್ನಿನಲ್ಲಿ 7 ಪಿನ್ ಇದೆ. ಐದು ಕರೆಂಟಿಗೆ ಮತ್ತು ಅರ್ಥ್‌ಗೆ, ಇನ್ನೆರಡು ಮಾತುಕತೆಗೆ. ಕಾರು "ನಾನು ಸಿದ್ಧ" ಅಂದ ಮೇಲೇ ಗನ್ನಿಗೆ ಕರೆಂಟ್ ಬರೋದು, ಎಷ್ಟು ಆಂಪಿಯರ್ ಎಳೆಯಬಹುದು ಅಂತ ಚಾರ್ಜರ್ ಕಾರಿಗೆ ಹೇಳೋದೂ ಇದರಲ್ಲೇ. ಅಗ್ಗದ ಅಡಾಪ್ಟರ್ ಒಳಗೆ ಒಂದು ರೆಸಿಸ್ಟರ್ ಕೂತು ಕಾರಿನ ಪರವಾಗಿ ಸುಳ್ಳು ಹೇಳುತ್ತೆ. 7.2 ಕಿಲೋವಾಟ್ ಚಾರ್ಜರ್ 32 ಆಂಪಿಯರ್‌ವರೆಗೆ ಬಿಡುತ್ತೆ, ಅಡಾಪ್ಟರಿನ ತುದಿಯ ಸಾಕೆಟ್ 16 ಆಂಪಿಯರ್‌ದು. ನಡುವೆ ಫ್ಯೂಸ್ ಇಲ್ಲದಿದ್ದರೆ ಆ ಸಾಕೆಟ್ಟನ್ನು ಕಾಯೋರು ಯಾರೂ ಇಲ್ಲ. ಸ್ಕೂಟರಿಗೆ ಪಕ್ಕದಲ್ಲಿ ಒಂದು ಸಾದಾ ಸಾಕೆಟ್ ಹಾಕಿಸೋದೇ ಅಗ್ಗ, ಅದೇ ಕ್ಷೇಮ.

ಒಂದು ಸ್ಕೂಟರಿನ ಚಾರ್ಜರನ್ನು ಇನ್ನೊಂದಕ್ಕೆ ಹಾಕೋ ಪಿನ್: ಎಲ್ಲಕ್ಕಿಂತ ಅಪಾಯದ್ದು ಇದು. ಎರಡು ಬ್ಯಾಟರಿಗಳ ಮೇಲೂ 48 ವೋಲ್ಟ್ ಅಂತ ಬರೆದಿರಬಹುದು. 13 ಸೆಲ್ಲಿನ ಎನ್‌ಎಂಸಿ ಬ್ಯಾಟರಿ 54.6 ವೋಲ್ಟಿಗೆ ತುಂಬುತ್ತೆ, 16 ಸೆಲ್ಲಿನ ಎಲ್‌ಎಫ್‌ಪಿ ಬ್ಯಾಟರಿ 58.4 ವೋಲ್ಟಿಗೆ. ಎರಡನೆಯದರ ಚಾರ್ಜರನ್ನು ಮೊದಲನೆಯದಕ್ಕೆ ಹಾಕಿದರೆ, 4.2 ವೋಲ್ಟ್ ಮೀರಬಾರದ ಸೆಲ್ಲಿಗೆ ಸುಮಾರು 4.5 ವೋಲ್ಟ್ ನುಗ್ಗಲು ನೋಡುತ್ತೆ. ಬ್ಯಾಟರಿಯೊಳಗಿನ ಬಿಎಂಎಸ್ ತಡೆದರೆ ಪುಣ್ಯ, ಅದು ಕೆಟ್ಟಿದ್ದರೆ ಬೆಂಕಿ. "ಪಿನ್ ಬದಲಿ ಮಾಡಿಕೊಡ್ತೀನಿ ತಗೋರಿ" ಅನ್ನೋ ಮೆಕ್ಯಾನಿಕ್‌ಗೆ ಕೈಮುಗಿದು ಬೇಡ ಅನ್ನಿ.

ಕನೆಕ್ಟರ್ ಎಲ್ಲ ಒಂದೇ ಥರ ಆದರೆ ಈ ತಲೆನೋವೇ ಇರಲ್ಲ ಅಲ್ವಾ? ಆ ಕಡೆ ಒಂದು ಹೆಜ್ಜೆ ನಮ್ಮ ರಾಜ್ಯದಿಂದಲೇ ಆಗಿದೆ. ಬೆಂಗಳೂರಿನ ಏಥರ್ ಕಂಪನಿ ರೂಪಿಸಿದ ಸ್ಕೂಟರ್ ಕನೆಕ್ಟರನ್ನು 2023ರಲ್ಲಿ ಭಾರತೀಯ ಮಾನಕ ಬ್ಯೂರೋ ದೇಶದ ಮಾನಕವಾಗಿ ಒಪ್ಪಿಕೊಂಡಿತು, ಹೀರೋ ಕಂಪನಿಯ ವಿಡಾ ಕೂಡ ಅದನ್ನೇ ಬಳಸುತ್ತೆ. ಆದರೆ ಎಲ್ಲ ಕಂಪನಿಗಳೂ ಅದಕ್ಕೆ ಬಂದಿಲ್ಲ.

ಒಂದು ಸರಿಯಾದ ಪಾಯಿಂಟ್

2001ರಲ್ಲಿ ಬೆಂಗಳೂರಿನಲ್ಲಿ ರೇವಾ ಕಾರು ಬಂದಾಗಲೂ ಅದನ್ನು ಚಾರ್ಜ್ ಮಾಡಿದ್ದು ಮನೆಯ ಹದಿನೈದು ಆಂಪ್ ಪ್ಲಗ್ಗಿನಲ್ಲೇ. ಅಂದರೆ ಮನೆಯಲ್ಲಿ ಚಾರ್ಜ್ ಮಾಡೋದು ತಪ್ಪಲ್ಲ. ಇರೋ ಮನೆ ಕನೆಕ್ಷನ್ನಿನಲ್ಲೇ ವಾಹನ ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರ ಇಂಧನ ಸಚಿವಾಲಯ 2022ರ ಮಾರ್ಗಸೂಚಿಯಲ್ಲೇ ಹೇಳಿದೆ. ಅಡಾಪ್ಟರ್ ಹುಡುಕೋ ಬದಲು ಪಾಯಿಂಟನ್ನೇ ಸರಿ ಮಾಡಿಸಬೇಕು, ಅಷ್ಟೇ.

ಚಾರ್ಜಿಂಗ್ ಸ್ಟೇಷನ್‌ಗಳಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಹಾಕಿರೋ ಸುರಕ್ಷತಾ ನಿಯಮ ಮನೆಗೂ ಒಳ್ಳೇ ಮೇಲ್ಪಂಕ್ತಿ. ಅಲ್ಲಿ ಎಕ್ಸ್‌ಟೆನ್ಷನ್ ಕೇಬಲ್ ಬಳಸೋ ಹಾಗಿಲ್ಲ. ಗನ್ನಿಗೂ ವಾಹನಕ್ಕೂ ನಡುವೆ ಅಡಾಪ್ಟರ್ ಹಾಕೋ ಹಾಗಿಲ್ಲ. ಸಾಕೆಟ್ ನೆಲದಿಂದ ಕನಿಷ್ಠ 800 ಮಿ.ಮೀ. ಎತ್ತರದಲ್ಲಿರಬೇಕು, ಗಾಡಿ ಚಾರ್ಜಿಂಗ್ ಪಾಯಿಂಟಿನಿಂದ 5 ಮೀಟರ್ ಒಳಗೆ ನಿಲ್ಲಬೇಕು.

ಎಲೆಕ್ಟ್ರಿಷಿಯನ್‌ಗೆ ಈ ಪಟ್ಟಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿಬಿಡಿ:

• ಮೀಟರ್ ಬೋರ್ಡಿನಿಂದ ಚಾರ್ಜಿಂಗ್ ಜಾಗಕ್ಕೆ ಬೇರೆಯೇ ಲೈನ್, 4 ಚದರ ಮಿ.ಮೀ. ತಾಮ್ರದ ವೈರ್. ಮಧ್ಯೆ ಎಲ್ಲೂ ಜೋಡಣೆ ಬೇಡ.
• ಆ ಲೈನಿಗೆ ಅದರದೇ ಎಂಸಿಬಿ, ಜೊತೆಗೆ 30 ಮಿಲಿ ಆಂಪಿಯರ್‌ನ ಎ ಟೈಪ್ ಆರ್‌ಸಿಸಿಬಿ. ಕರೆಂಟ್ ಸೋರಿದರೆ ಕಣ್ಣು ಮಿಟುಕಿಸೋದರಲ್ಲಿ ಕಡಿಯೋದು ಇದು. ಎಂಸಿಬಿ ಆ ಕೆಲಸ ಮಾಡಲ್ಲ.
• ಐಎಸ್ಐ ಗುರುತಿನ, ಒಳ್ಳೇ ಹಿಡಿತದ 16 ಆಂಪಿಯರ್ ಸಾಕೆಟ್. ಅಂಗಳದಲ್ಲಾದರೆ ಮುಚ್ಚಳ ಇರೋದು.
• ಚಾರ್ಜರ್ ಡಬ್ಬಿ ನೇತುಹಾಕಲು ಪಕ್ಕದಲ್ಲೊಂದು ಮೊಳೆ ಅಥವಾ ಹುಕ್. ಪ್ಲಗ್ ಮೇಲೆ ಭಾರ ಬೀಳಬಾರದು.
• ಅರ್ಥಿಂಗ್ ಅಳತೆ ಮಾಡಿಸಿ.

ಅರ್ಥಿಂಗ್ ವಿಷಯದಲ್ಲಿ ಒಂದು ಎಚ್ಚರಿಕೆ. ಕಾರಿನ ಪೋರ್ಟಬಲ್ ಚಾರ್ಜರ್‌ಗಳು ಹೆಚ್ಚಾಗಿ ಅರ್ಥ್ ಸರಿ ಇಲ್ಲದಿದ್ದರೆ ಕೆಂಪು ಲೈಟ್ ತೋರಿಸಿ ಚಾರ್ಜ್ ಮಾಡೋದನ್ನೇ ನಿಲ್ಲಿಸುತ್ತವೆ. ಆಗ ಸಾಕೆಟ್ ಬಿಚ್ಚಿ, ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಸೇರಿಸಿ "ಈಗ ಆತ್ ನೋಡ್ರಿ" ಅನ್ನೋರಿದ್ದಾರೆ. ಕೆಂಪು ಲೈಟ್ ಹೋಗುತ್ತೆ, ಕಾರು ಚಾರ್ಜ್ ಆಗುತ್ತೆ. ಮುಂದೆ ಒಂದು ದಿನ ನ್ಯೂಟ್ರಲ್ ಕಿತ್ತರೆ ಇಡೀ ಕಾರಿನ ಮೈಗೆ 230 ವೋಲ್ಟ್ ಬರಬಹುದು. ಅಂಗಳದಲ್ಲಿ ಆಡೋ ಮಕ್ಕಳು ಕಾರು ಮುಟ್ಟದೆ ಇರ್ತಾರಾ? ಈ ಉಪಾಯವನ್ನು ಯಾರು ಹೇಳಿದರೂ ಮಾಡಿಸಬೇಡಿ. ಕೆಂಪು ಲೈಟ್ ಬಂದರೆ ಅರ್ಥಿಂಗ್ ಗುಂಡಿಯನ್ನೇ ರಿಪೇರಿ ಮಾಡಿಸಿ.

ಧೂಳು, ಬಿಸಿಲು, ಮಳೆ

ಸಂಡೂರಿನ ಕೆಂಪು ಧೂಳು ಎಲ್ಲರಿಗೂ ಗೊತ್ತು. ಅದಿರಿನ ಲಾರಿ ಓಡಾಡೋ ರಸ್ತೆ ಪಕ್ಕದ ಮನೆಯಲ್ಲಿ ಒಂದು ವಾರಕ್ಕೆ ಸ್ವಿಚ್ ಬೋರ್ಡ್ ಬಣ್ಣವೇ ಬದಲಾಗಿರುತ್ತೆ. ಅದೇ ಧೂಳು ಸಾಕೆಟ್ ಒಳಗೂ, ಗನ್ನಿನ ಪಿನ್ನಿಗೂ ಸೇರಿ ಹಿಡಿತ ಕೆಡಿಸುತ್ತೆ. ಬಳಸದಾಗ ಗನ್ನಿನ ಮುಚ್ಚಳ ಹಾಕಿ. ವಾರಕ್ಕೊಮ್ಮೆ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಒಣ ಬಟ್ಟೆಯಲ್ಲಿ ಪಿನ್ ಒರೆಸಿ. ಒದ್ದೆ ಬಟ್ಟೆ ಬೇಡ.

ಬೇಸಿಗೆಯಲ್ಲಿ ಭೂಮಿ ಒಣಗಿದಾಗ ಅರ್ಥಿಂಗ್ ದುರ್ಬಲ ಆಗುತ್ತೆ. ಗುಂಡಿಗೆ ಆಗಾಗ ನೀರು ಹಾಕೋ ಹಳೇ ಅಭ್ಯಾಸ ಬಿಡಬೇಡಿ. ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿ ಬಂದ ಸ್ಕೂಟರನ್ನು ತಕ್ಷಣ ಚಾರ್ಜ್‌ಗೆ ಹಾಕದೆ ಅರ್ಧ, ಮುಕ್ಕಾಲು ಗಂಟೆ ನೆರಳಲ್ಲಿ ತಣಿಸಿ. ಮಳೆಗಾಲದಲ್ಲಿ ಪ್ಲಗ್ಗಿಗೆ ಎರಚಲು ಬಡಿಯೋ ಜಾಗದಲ್ಲಿ ಚಾರ್ಜ್ ಮಾಡಬೇಡಿ. ಆರ್‌ಸಿಸಿಬಿ ಮತ್ತೆ ಮತ್ತೆ ಟ್ರಿಪ್ ಆದರೆ ಅದನ್ನು ಬೈಪಾಸ್ ಮಾಡಿಸಬೇಡಿ, ಎಲ್ಲೋ ಸೋರುತ್ತಿದೆ ಅಂತ ಅದು ಹೇಳ್ತಿದೆ.

ಎರಡು ಗಾಡಿ, ಒಂದು ಮೀಟರ್

ರಾತ್ರಿ ಒಂಬತ್ತಕ್ಕೆ ಕಾರು 3.3 ಕಿಲೋವಾಟ್, ಸ್ಕೂಟರ್ 0.75, ಏಸಿ 1.5, ಗೀಸರ್ 2. ಒಟ್ಟು 7.55 ಕಿಲೋವಾಟ್, ಅಂದರೆ ಸುಮಾರು 33 ಆಂಪಿಯರ್. ನಿಮ್ಮ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಒಂದೋ ಎರಡೋ ಮೂರೋ ಕಿಲೋವಾಟ್ ಇದ್ದರೆ, ಕಾರು ಮನೆಗೆ ಬರೋ ಮೊದಲೇ ಜೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ.

ಎರಡೂ ಗಾಡಿಯನ್ನು ಒಟ್ಟಿಗೇ ಚಾರ್ಜ್ ಮಾಡೋ ಅಗತ್ಯವೂ ಇರಲ್ಲ. ದಿನಕ್ಕೆ 60 ಕಿ.ಮೀ. ಓಡಿದರೆ ಸ್ಕೂಟರಿಗೆ ಸುಮಾರು 2 ಯೂನಿಟ್, ಸಣ್ಣ ಕಾರಿಗೆ ಸುಮಾರು 8 ಯೂನಿಟ್ ಸಾಕು. ಸ್ಕೂಟರ್ ಮೂರು ಗಂಟೆ, ಕಾರು ಎರಡೂವರೆ ಗಂಟೆ. ಸಂಜೆ ಸ್ಕೂಟರ್, ಗೀಸರ್ ಏಸಿ ಗಲಾಟೆ ಮುಗಿದ ಮೇಲೆ ಕಾರು. ಆ್ಯಪ್‌ನಲ್ಲಿ ಟೈಮರ್ ಇದ್ದರೆ ಬೆಳಗಿನ ಜಾವಕ್ಕೆ ಇಡಿ. ಚಾರ್ಜರ್‌ನಲ್ಲಿ ಕರೆಂಟ್ ಕಡಿಮೆ ಮಾಡೋ ಆಯ್ಕೆ ಇದ್ದರೆ ಅದನ್ನೂ ಬಳಸಿ. ಕರೆಂಟ್ ಅರ್ಧ ಆದರೆ ಪ್ಲಗ್ಗಿನ ಬಿಸಿ ಕಾಲು ಭಾಗಕ್ಕೆ ಇಳಿಯುತ್ತೆ.

ಚಾರ್ಜಿಂಗ್ ಲೈನ್ ಇನ್ವರ್ಟರ್‌ಗೆ ಸೇರಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಫ್ಯಾನು, ಲೈಟಿಗೆ ಹಾಕಿಸಿದ ಇನ್ವರ್ಟರ್ ಕರೆಂಟ್ ಹೋದ ಕೂಡಲೇ ಕಾರಿನ ಲೋಡನ್ನು ಹೊರಲು ಹೋಗಿ ಕೈಕೊಡುತ್ತೆ.

ಗೃಹಜ್ಯೋತಿ ಇರೋ ಮನೆಯವರು ಇನ್ನೊಂದು ಲೆಕ್ಕ ಹಾಕಬೇಕು. 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಮಿತಿ ನಿಗದಿ ಮಾಡಿದ್ದಾರೆ, ಆ ವರ್ಷ ನಿಮ್ಮ ಮನೆಯಲ್ಲಿ ಗಾಡಿ ಇರಲಿಲ್ಲ. ತಿಂಗಳಿಗೆ 26 ದಿನ ಅಂದರೆ ಸ್ಕೂಟರಿಗೆ 52 ಯೂನಿಟ್, ಕಾರಿಗೆ 208. ಮಿತಿ ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮೊದಲ ತಿಂಗಳ ಬಿಲ್ ನೋಡಿ ಅಮ್ಮ ಗಾಬರಿಯಾಗೋ ಮೊದಲು ಮನೆಯಲ್ಲಿ ಮಾತಾಡಿಕೊಳ್ಳಿ.

ಬಾಡಿಗೆ ಮನೆಯಲ್ಲಿದ್ದರೆ

ಕೆಲಸಕ್ಕೆ ಅಂತ ಬಂದು ಬಾಡಿಗೆಗೆ ಇರೋ ಹುಡುಗ ಹುಡುಗಿಯರೇ ಹೆಚ್ಚಾಗಿ ಅಡಾಪ್ಟರ್ ಮೊರೆ ಹೋಗೋದು. ಗೋಡೆ ಕೊರೆಯಲು ಮಾಲೀಕರು ಒಪ್ಪಲ್ಲ, ಕೇಳೋಕೆ ಮುಜುಗರ. ಕೇಳೋ ರೀತಿ ಬದಲಾಯಿಸಿ ನೋಡಿ: "ಅಂಕಲ್, ನಮ್ಮ ಖರ್ಚಿನಲ್ಲೇ ಹೊರಗೆ ಪೈಪ್ ಹಾಕಿ ಲೈನ್ ಎಳಸ್ತೀವಿ, ಆರ್‌ಸಿಸಿಬಿನೂ ಹಾಕಿಸ್ತೀವಿ, ಹೋಗೋವಾಗ ನಿಮಗೇ ಬಿಟ್ಟು ಹೋಗ್ತೀವಿ." ಮನೆ ಮಾಲೀಕರಿಗೂ ಕದ್ದುಮುಚ್ಚಿ ಹಾಕಿದ ಎಕ್ಸ್‌ಟೆನ್ಷನ್ ವೈರಿಗಿಂತ ಇದೇ ನೆಮ್ಮದಿ. ಕೆಲಸವನ್ನು ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದಲೇ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಒಪ್ಪದೇ ಹೋದರೆ ಸ್ಕೂಟರಿಗೆ ಬ್ಯಾಟರಿ ಬಿಚ್ಚಿ ಒಯ್ಯೋ ಮಾದರಿ ನೋಡಬಹುದು. ಆದರೆ ಆ ಬ್ಯಾಟರಿಯನ್ನೂ ಮಂಚದ ಪಕ್ಕ ಇಟ್ಟು ಚಾರ್ಜ್ ಮಾಡಬೇಡಿ.

ಗಾಡಿ ಎಲ್ಲಿ ನಿಲ್ಲುತ್ತೆ ಅನ್ನೋದೂ ಮುಖ್ಯ. ಎಷ್ಟೋ ಮನೆಗಳಲ್ಲಿ ಸ್ಕೂಟರ್ ನಿಲ್ಲೋದು ಮುಂಬಾಗಿಲ ಒಳಗೆ ಅಥವಾ ಮಹಡಿ ಮೆಟ್ಟಿಲ ಕೆಳಗೆ. ಅಲ್ಲಿ ಹೊಗೆ ಎದ್ದರೆ ಮೇಲೆ ಮಲಗಿದವರಿಗೆ ಹೊರಬರಲು ಬೇರೆ ದಾರಿ ಇರಲ್ಲ. 2022ರಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್ 156 ಮಾನಕವನ್ನು ಬಿಗಿ ಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿಗೆ ತಂದರು. ಅದಕ್ಕೂ ಹಿಂದಿನ ಸ್ಕೂಟರ್ ನಿಮ್ಮಲ್ಲಿದ್ದರೆ ಇನ್ನೂ ಹುಷಾರಾಗಿರಿ. ಹೊರಹೋಗೋ ದಾರಿ ಬಿಟ್ಟು ಬೇರೆ ಕಡೆ ಚಾರ್ಜ್ ಮಾಡಿ.

ಇವತ್ತು ರಾತ್ರಿಯೇ ಮಾಡಿ

ಚಾರ್ಜ್ ಹಾಕಿ ಅರ್ಧ ಗಂಟೆ ಬಿಟ್ಟು, ಒಣ ಕೈಯಲ್ಲಿ ಪ್ಲಗ್ಗಿನ ಹೊರಗಿನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆ ಇಲ್ಲ. ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ, ಸಾಕೆಟ್ ಹಳದಿಗೋ ಕಂದಿಗೋ ತಿರುಗಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಇದ್ದರೆ, ಚಟಚಟ ಸದ್ದು ಬಂದರೆ ಎಂಸಿಬಿ ಆಫ್ ಮಾಡಿ. ಸಾಕೆಟ್ ಬದಲಾಯಿಸೋವರೆಗೆ ಅಲ್ಲಿ ಚಾರ್ಜ್ ಮಾಡಬೇಡಿ. ಸಾಕೆಟ್ ಸುಟ್ಟಿದ್ದರೆ ಪ್ಲಗ್ಗಿನ ಪಿನ್ನೂ ಹಾಳಾಗಿರುತ್ತೆ, ಅದನ್ನೂ ತೋರಿಸಿ. ಇಲ್ಲದಿದ್ದರೆ ಹೊಸ ಸಾಕೆಟ್ಟೂ ಸುಡುತ್ತೆ.

ಪ್ಲಗ್ಗಿನಲ್ಲಿ ಬೆಂಕಿ ಕಂಡರೆ ನೀರು ಎರಚಬೇಡಿ, ಮೊದಲು ಮೇನ್ ಆಫ್ ಮಾಡಿ. ಬ್ಯಾಟರಿಯಿಂದ ಹೊಗೆ ಬಂದರೆ ಅದನ್ನು ಆರಿಸಲು ನಿಲ್ಲಬೇಡಿ, ಆ ಹೊಗೆ ವಿಷ. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 112ಕ್ಕೆ ಫೋನ್ ಮಾಡಿ. ಲೈನಿನ ತೊಂದರೆಗೆ ಜೆಸ್ಕಾಂ ಸಹಾಯವಾಣಿ 1912.

ಲಕ್ಷಗಟ್ಟಲೆ ಕೊಟ್ಟು ಗಾಡಿ ತಗೊಳ್ತೀವಿ. ಅದಕ್ಕೆ ಬೇಕಾದ ವೈರ್, ಸಾಕೆಟ್, ಆರ್‌ಸಿಸಿಬಿ ಖರ್ಚನ್ನು ಗಾಡಿಯ ಆನ್‌ರೋಡ್ ಬೆಲೆಯಲ್ಲೇ ಸೇರಿಸಿಕೊಳ್ಳಿ. ಊರಿಗೆ ಬರೋ ಮಗನಿಗೋ ಅಳಿಯನಿಗೋ ಫೋನಿನಲ್ಲಿ "ಯಾವಾಗ ಬರ್ತಿ?" ಅಂತ ಕೇಳುವಾಗ, "ನಿನ್ನ ಕಾರಿಗೆ ಎಷ್ಟು ಆಂಪಿಯರ್ ಬೇಕು?" ಅಂತಲೂ ಕೇಳಿ. ಪಾಯಿಂಟ್ ಹಾಕಿಸಲು ಒಂದು ದಿನ ಸಾಕು.

ನಿಮ್ಮ ಮನೆಯಲ್ಲಿ ಚಾರ್ಜಿಂಗ್ ಪಾಯಿಂಟ್ ಹೇಗೆ ಮಾಡಿಸಿದಿರಿ, ಮನೆ ಮಾಲೀಕರನ್ನು ಹೇಗೆ ಒಪ್ಪಿಸಿದಿರಿ? ಓದುಗರ ಅಂಕಣಕ್ಕೆ ಬರೆಯಿರಿ, ಬೇರೆಯವರಿಗೂ ದಾರಿ ಸಿಗಲಿ.